ಮೈಗೆ ಹೊಂದುವ ರೈಫಲ್ ಮಾಡಿಸುವುದು: ತುಮಕೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತುಮಕೂರಿನವನು. ಮಗಳು ಆರು ವರ್ಷದಿಂದ 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಿದ್ದಾಳೆ. ಅವಳ ಮೊದಲ ರೈಫಲ್‌ಗೆ ಮರದ ಸ್ಟಾಕನ್ನು, ಅಂದರೆ ಭುಜಕ್ಕೆ, ಕೆನ್ನೆಗೆ ಆನಿಸಿ ಕೈಯಲ್ಲಿ ಹಿಡಿಯುವ ಭಾಗವನ್ನು, ಇಲ್ಲಿಯ ಆಚಾರ್ರೊಬ್ಬರ ಕೈಯಲ್ಲೇ ಮಾಡಿಸಿದೆವು. ಅದನ್ನು ನೋಡಿದ ತಂದೆ ತಾಯಂದಿರು ಫೋನ್ ಮಾಡಿ ಕೇಳುತ್ತಲೇ ಇರುತ್ತಾರೆ. ಕೋಲಾರದಿಂದಲೂ, ಚಿಂತಾಮಣಿಯಿಂದಲೂ ಕರೆ ಬಂದಿದೆ. ಒಬ್ಬೊಬ್ಬರಿಗೂ ಅರ್ಧಂಬರ್ಧ ಹೇಳುವ ಬದಲು ಗೊತ್ತಿರುವುದನ್ನೆಲ್ಲ ಒಂದೇ ಕಡೆ ಬರೆದಿದ್ದೇನೆ.

ಪೂರ್ತಿ ರೈಫಲನ್ನೇ ನಮ್ಮ ಅಳತೆಗೆ ಮಾಡಿಕೊಡುವವರು ನಮ್ಮ ಕಡೆ ಇದ್ದಾರಾ?

ಪೂರ್ತಿ ರೈಫಲ್ ಇಲ್ಲಿ ಮಾಡಿಸಲು ಹೋಗಬೇಡಿ. ಬ್ಯಾರೆಲ್, ವಾಲ್ವ್, ಟ್ರಿಗರ್, ಗಾಳಿ ಸಿಲಿಂಡರ್, ಇವು ಕಾರ್ಖಾನೆಯಿಂದಲೇ ಬರಬೇಕು. ಜರ್ಮನಿಯ ಫೈನ್‌ವೆರ್ಕ್‌ಬೌ, ವಾಲ್ಟರ್, ಅನ್‌ಶುಟ್ಸ್ ಕಂಪನಿಗಳು ಈ ಕೆಲಸದಲ್ಲಿ ಹೆಸರಾದವು. ನಮ್ಮ ದೇಶದ ಪ್ರೆಸಿಹೋಲ್‌ನಂಥವರೂ ಏರ್ ರೈಫಲ್ ಮಾಡುತ್ತಾರೆ.

ಆದರೆ ರೈಫಲ್ ಮೈಗೆ ತಾಗುವುದು ನಾಲ್ಕೈದು ಕಡೆ ಮಾತ್ರ. ಭುಜ, ಕೆನ್ನೆ, ಬಲಗೈ ಹಿಡಿ, ಎಡಗೈ ಕೆಳಗಿನ ಮರ, ಇಷ್ಟೇ. ಅದನ್ನು ನಿಮ್ಮದನ್ನಾಗಿ ಮಾಡುವುದೂ ಇಷ್ಟೇ. ಈ ಕೆಲಸಕ್ಕೆ ಬೇಕಾದ ಕೈಗಳು ನಮ್ಮ ಜಿಲ್ಲೆಗಳಲ್ಲಿ ಖಂಡಿತ ಇವೆ. ಅವರು ಯಾರೂ ತಮ್ಮನ್ನು ಬಂದೂಕು ಮಾಡುವವರು ಅಂತ ಕರೆದುಕೊಳ್ಳುವುದಿಲ್ಲ. ಹಾಗಾಗಿ ಬಂದೂಕು ಮಾಡುವವರನ್ನು ಹುಡುಕಿದರೆ ಸಿಗುವುದೂ ಇಲ್ಲ.

ಏರ್ ರೈಫಲ್‌ಗೆ ಲೈಸೆನ್ಸ್ ಬೇಕಾ?

4.5 ಮಿಲಿಮೀಟರ್ ಕ್ಯಾಲಿಬರ್ ಇದ್ದು, ಹೊರಬೀಳುವ ಪೆಲೆಟ್‌ನ (ಸಣ್ಣ ಗುಂಡಿನ) ಶಕ್ತಿ 20 ಜೂಲ್ ದಾಟದಿದ್ದರೆ 2016ರ ಆರ್ಮ್ಸ್ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ. ಸ್ಪರ್ಧೆಯ ರೈಫಲ್‌ನಿಂದ ಸುಮಾರು ಅರ್ಧ ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ 170 ಮೀಟರ್ ಆಸುಪಾಸಿನ ವೇಗದಲ್ಲಿ ಹೋಗುತ್ತದೆ. ಲೆಕ್ಕ ಹಾಕಿದರೆ ಏಳೂವರೆ ಜೂಲ್ ಹತ್ತಿರ ಬರುತ್ತದೆ. ಮಿತಿಯ ಅರ್ಧವೂ ಇಲ್ಲ.

ಇದರ ಅರ್ಥ ಮನೆ ಹಿತ್ತಲಲ್ಲಿ ಸುಮ್ನೆ ಹೊಡೆಯಬಹುದು ಅಂತಲ್ಲ. ಹತ್ತಿರದಿಂದ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಸ್ಪ್ರಿಂಗ್ ಬದಲಿಸಿ, ವಾಲ್ವ್ ಬದಲಿಸಿ ಶಕ್ತಿ ಜಾಸ್ತಿ ಮಾಡಿಕೊಡುತ್ತೇವೆ ಅನ್ನುವವರು ಸಿಗಬಹುದು. ಅಲ್ಲಿಂದ ಎದ್ದು ಬನ್ನಿ. ಬಿಲ್ಲಿನ ಪ್ರತಿಯನ್ನು ರೈಫಲ್ ಚೀಲದಲ್ಲೇ ಇಟ್ಟಿರಿ. ಬಸ್ಸಲ್ಲಿ, ರೈಲಲ್ಲಿ ಯಾರಾದರೂ ಕೇಳಿದರೆ ಅದೇ ಉತ್ತರ.

ಹಳ್ಳಿ ಕಡೆ ನಾಡಬಂದೂಕು ಮಾಡುವವರು ಇದ್ದಾರಂತೆ. ಹಂದಿ ಕಾಟಕ್ಕೆ ಒಂದು ಮಾಡಿಸಬಹುದಾ?

ಬೇಡ. ಈ ಪ್ರಶ್ನೆ ಕೇಳುವವರು ಕೆಟ್ಟವರಲ್ಲ, ಬೆಳೆ ಕಳೆದುಕೊಂಡವರು. ಪಾವಗಡ, ಶಿರಾ, ಬಾಗೇಪಲ್ಲಿ ಕಡೆ ಒಂದೇ ರಾತ್ರಿಯಲ್ಲಿ ಕಡಲೆಕಾಯಿ ಹೊಲ ಉಳುಮೆ ಮಾಡಿದ ಹಾಗೆ ಆಗಿಬಿಡುತ್ತದೆ. ಆ ಸಂಕಟ ನನಗೂ ಗೊತ್ತು. ಆದರೂ ಬೇಡ.

ಮೊದಲನೆಯದು ಕಾನೂನು. 1959ರ ಆರ್ಮ್ಸ್ ಕಾಯ್ದೆಯ ಪ್ರಕಾರ ಬಂದೂಕು ಇಟ್ಟುಕೊಳ್ಳಲು ಒಂದು ಲೈಸೆನ್ಸ್. ಮಾಡಲು, ಮಾರಲು, ರಿಪೇರಿ ಮಾಡಲು ಬೇರೆಯೇ ಲೈಸೆನ್ಸ್. ಅದಿಲ್ಲದೆ ಬಂದೂಕು ತಯಾರಿಸಿದವರಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷ ಜೈಲು. ಅದು ಜೀವಾವಧಿವರೆಗೂ ಹೋಗಬಹುದು.

ಎರಡನೆಯದು ನಿಮ್ಮ ಕೈ, ನಿಮ್ಮ ಮುಖ. ನೀರಿನ ಪೈಪನ್ನು ಬ್ಯಾರೆಲ್ ಮಾಡಿದರೆ ಅದು ಇವತ್ತಲ್ಲ ನಾಳೆ ಸೀಳುತ್ತದೆ. ಕಾರ್ಖಾನೆಯಲ್ಲಿ ಪ್ರತಿ ಬ್ಯಾರೆಲ್‌ಗೂ ಹೆಚ್ಚಿನ ಒತ್ತಡದ ಗುಂಡು ಹೊಡೆದು ಪರೀಕ್ಷೆ ಮಾಡುತ್ತಾರೆ. ಕುಲುಮೆಯಲ್ಲಿ ಆ ಪರೀಕ್ಷೆ ಇಲ್ಲ.

ಬೆಳೆ ಕಾಯಲು ಬಂದೂಕು ಬೇಕೇ ಬೇಕು ಅಂದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅರ್ಜಿ ಹಾಕಿ. ಬಂದೂಕಿಗೆ ಲೈಸೆನ್ಸ್ ಸಿಕ್ಕ ಮಾತ್ರಕ್ಕೆ ಪ್ರಾಣಿ ಹೊಡೆಯಲು ಒಪ್ಪಿಗೆ ಸಿಕ್ಕಂತಲ್ಲ, ಅದು 1972ರ ವನ್ಯಜೀವಿ ಕಾಯ್ದೆಯ ವಿಷಯ. ಅರಣ್ಯ ಇಲಾಖೆಯಲ್ಲಿ ಬೇರೆಯಾಗಿ ಕೇಳಬೇಕು.

ಕೊಡಗಿನಲ್ಲಿ ಲೈಸೆನ್ಸ್ ಬೇಡವಲ್ಲ?

ಕೊಡವರಿಗೆ, ಜಮ್ಮಾ (ಅಲ್ಲಿಯ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಆ ವಿನಾಯಿತಿ ಇದೆ. 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದ್ದಾರೆ. ಅದು ಇಟ್ಟುಕೊಳ್ಳುವುದಕ್ಕೆ, ತಯಾರಿಸುವುದಕ್ಕಲ್ಲ. ನಮ್ಮ ಜಿಲ್ಲೆಗಳಿಗೆ ಅದು ಬರುವುದೂ ಇಲ್ಲ.

ಕಾರ್ಖಾನೆ ರೈಫಲ್ ಚೆನ್ನಾಗಿಯೇ ಇರುತ್ತದಲ್ಲ, ಮತ್ತೆ ಸ್ಟಾಕ್ ಯಾಕೆ ಮಾಡಿಸಬೇಕು?

ನಮ್ಮ ಕಥೆಯನ್ನೇ ಹೇಳುತ್ತೇನೆ. ಮಗಳು ಶುರು ಮಾಡಿದಾಗ ಅವಳಿಗೆ 12 ವರ್ಷ, ಸಣ್ಣ ಮೈ. ಸೆಕೆಂಡ್ ಹ್ಯಾಂಡ್ ರೈಫಲ್ ತಂದೆವು. ಅದರ ಸ್ಟಾಕ್ ದೊಡ್ಡ ಮನುಷ್ಯನ ಅಳತೆಯದು. ಭುಜಕ್ಕೆ ಇಟ್ಟರೆ ಕೆನ್ನೆ ಸರಿಯಾಗಿ ಕೂರದು. ಕೆನ್ನೆ ಕೂರಿಸಲು ಕತ್ತು ಚಾಚುತ್ತಿದ್ದಳು. ಅರ್ಧ ಗಂಟೆಗೆ ಕತ್ತು ನೋವು. ಬೆಳಿಗ್ಗೆ ಚೆನ್ನಾಗಿ ಹೊಡೆದವಳು ಸಾಯಂಕಾಲ ಬೇರೆಯವಳೇ ಆಗಿಬಿಡುತ್ತಿದ್ದಳು. "ಅಪ್ಪಾ, ರೈಫಲ್ ನನ್ನ ಮಾತು ಕೇಳ್ತಿಲ್ಲ" ಅಂತ ಒಂದು ದಿನ ಅತ್ತುಬಿಟ್ಟಳು. ನಾನು ಅವಳ ಅಭ್ಯಾಸ ಸಾಲದು ಅಂತ ತಿಳಿದಿದ್ದೆ. ಅದು ನನ್ನ ತಪ್ಪು.

ಲೆಕ್ಕ ನೋಡಿ. ಗುರಿಯ ನಡುವೆ ಹತ್ತು ಅಂಕ ಕೊಡುವ ಚುಕ್ಕಿಯ ಅಗಲ ಅರ್ಧ ಮಿಲಿಮೀಟರ್. ಒಂದು ಉಂಗುರದಿಂದ ಪಕ್ಕದ ಉಂಗುರಕ್ಕೆ ಎರಡೂವರೆ ಮಿಲಿಮೀಟರ್. ಗುರಿ ಹಿಡಿಯಲು ರೈಫಲ್ ಮೇಲೆ ಸೈಟ್ ಅಂತ ಎರಡು ಇರುತ್ತವೆ. ಹಿಂದಿನ ಸೈಟ್‌ನಿಂದ ಮುಂದಿನ ಸೈಟ್‌ಗೆ 80 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಎರಡೂ ಸೈಟ್ ಒಂದಕ್ಕೊಂದು ನೇರ ಬರುವುದರಲ್ಲಿ 0.2 ಮಿಲಿಮೀಟರ್ ಆಚೀಚೆ ಆದರೆ 10 ಮೀಟರ್ ದೂರದಲ್ಲಿ ಅದು ಎರಡೂವರೆ ಮಿಲಿಮೀಟರ್ ಆಗುತ್ತದೆ. ಅಂದರೆ ಪೂರ್ತಿ ಒಂದು ಅಂಕ. ಕೆನ್ನೆ ಪ್ರತಿ ಸಲ ಬೇರೆ ಜಾಗಕ್ಕೆ ಬಿದ್ದರೆ ಕಣ್ಣೂ ಬೇರೆ ಜಾಗಕ್ಕೆ ಹೋಗುತ್ತದೆ. ಆಮೇಲೆ ಎಷ್ಟು ಗಮನ ಇಟ್ಟರೂ ಏನು ಪ್ರಯೋಜನ? 60 ಸಲ, 75 ನಿಮಿಷದಲ್ಲಿ, ಒಂದೇ ಥರ ಕೂರಬೇಕು. ಬಲವಂತ ಮಾಡದೆ ತಾನಾಗಿಯೇ ಕೂರಬೇಕು. ಸ್ಟಾಕ್ ಇರುವುದೇ ಅದಕ್ಕೆ.

ಈಗ ಎಲ್ಲ ಕಡೆ ತಿರುಗಿಸಬಹುದಾದ ಅಲ್ಯೂಮಿನಿಯಂ ಸ್ಟಾಕ್ ಬರುತ್ತದೆ. ಮರ ಬೇಕಾ?

ಅದನ್ನು ಕೊಳ್ಳುವ ಶಕ್ತಿ ಇದ್ದರೆ ಕೊಳ್ಳಿ, ಒಳ್ಳೆಯದೇ. ಅದರಲ್ಲೂ ಕೈ ಹಿಡಿ ಮತ್ತು ಕೆನ್ನೆ ಕೂರುವ ಭಾಗವನ್ನು ಬೇಕಾದರೆ ಕೈಗೆ ತಕ್ಕಂತೆ ಇಲ್ಲೇ ಮಾಡಿಸಿಕೊಳ್ಳಬಹುದು. ಕ್ಲಬ್ಬಿನ ಹಳೇ ಮರದ ರೈಫಲ್ ಹಿಡಿದು ಕಲಿಯುವ ಮಕ್ಕಳೇ ನಮ್ಮಲ್ಲಿ ಜಾಸ್ತಿ ಅಲ್ವಾ? ಈ ಬರಹ ಮುಖ್ಯವಾಗಿ ಅವರಿಗೆ.

ಹಾಗಾದರೆ ಯಾರನ್ನು ಹುಡುಕಬೇಕು?

ಇಬ್ಬರನ್ನು. ಮರದವರು ಒಬ್ಬರು, ಲೋಹದವರು ಒಬ್ಬರು. ಎರಡೂ ಗೊತ್ತಿರುವ ಒಬ್ಬರೇ ಸಿಕ್ಕರೆ ಅದು ಅದೃಷ್ಟ.

ಮರಕ್ಕೆ ಫರ್ನಿಚರ್ ಅಂಗಡಿಗೆ ಹೋಗಬೇಡಿ. ಅಲ್ಲಿ ಪ್ಲೈವುಡ್, ಲ್ಯಾಮಿನೇಟ್, ಮೊಳೆ ಗನ್ನಿನ ಕೆಲಸ. ಅದೂ ಕೌಶಲವೇ, ಆದರೆ ನಮಗೆ ಬೇಕಾದ್ದು ಬೇರೆ. ಗಟ್ಟಿ ಮರದಲ್ಲಿ ದುಂಡು ಆಕಾರ ತೆಗೆಯುವ ಕೈ ಬೇಕು. ತೇರು ಕಟ್ಟುವ, ದೇವಸ್ಥಾನದ ಬಾಗಿಲು ಕೆತ್ತುವ, ಉತ್ಸವದ ವಾಹನ ಮಾಡುವ ವಿಶ್ವಕರ್ಮ ಮನೆತನಗಳು ನಮ್ಮ ಕಡೆ ಇನ್ನೂ ಇವೆ. ತೇರಿನ ಗೊಂಬೆಗೆ ಭುಜ, ಕತ್ತು, ತೋಳು ತೆಗೆದವರಿಗೆ ಮನುಷ್ಯನ ಮೈ ಹೇಗೆ ತಿರುಗುತ್ತದೆ ಅಂತ ಗೊತ್ತಿರುತ್ತದೆ. ನಮ್ಮ ಸ್ಟಾಕ್ ಮಾಡಿದ ಆಚಾರ್ರು ಅಂಥವರೇ. ಮಗಳು ರೈಫಲ್ ಹಿಡಿದು ನಿಂತಾಗ ಅವರು ರೈಫಲ್ ಕಡೆ ನೋಡಲೇ ಇಲ್ಲ. ಅವಳ ಹಿಂದೆ ಹೋಗಿ ನಿಂತು ಬೆನ್ನು ನೋಡಿದರು. "ಮಗು ಸೊಂಟ ಒಂದು ಕಡೆ ಬಾಗ್ತಾ ಇದೆ. ನೀವು ಭುಜದ ಹತ್ರ ಅಳತೆ ಹಿಡಿದ್ರೆ ತಪ್ಪಾಗುತ್ತೆ" ಅಂದರು. ಕೋಚ್ ಕೂಡ ತಲೆದೂಗಿದರು.

ಕೋಲಾರ ಕಡೆಯವರಿಗೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಗೊತ್ತೇ ಇದೆ. ಅಲ್ಲಿಯವರು ಕಲ್ಲು, ಲೋಹದ ಶಿಲ್ಪಿಗಳು, ಮರದವರಲ್ಲ. ಆದರೂ ಅಲ್ಲಿ ಹೋಗಿ ಕೇಳಿ. ಒಳ್ಳೆ ಕೆಲಸಗಾರನಿಗೆ ಇನ್ನೊಬ್ಬ ಒಳ್ಳೆ ಕೆಲಸಗಾರ ಎಲ್ಲಿದ್ದಾನೆ ಅಂತ ಗೊತ್ತಿರುತ್ತದೆ.

ಲೋಹಕ್ಕೆ ನಮ್ಮ ತುಮಕೂರು ಪುಣ್ಯವಂತ ಊರು. 1978ರಲ್ಲಿ ಇಲ್ಲಿ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಬಂತು. ಕೂದಲೆಳೆಗಿಂತ ಸಣ್ಣ ಅಳತೆಯಲ್ಲಿ ಜೀವನಪೂರ್ತಿ ಕೆಲಸ ಮಾಡಿದವರು ಈ ಊರಲ್ಲಿ ಮನೆ ಕಟ್ಟಿಕೊಂಡು ಉಳಿದಿದ್ದಾರೆ. ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಆದರೆ ಆ ಕೈಗಳು ಎಲ್ಲಿಗೂ ಹೋಗಲಿಲ್ಲ. ಟೂಲ್‌ರೂಮಿನಲ್ಲಿ ಇದ್ದವರು ಯಾರು ಅಂತ ಕೇಳಿ ನೋಡಿ. ಕೆಲವರು ಮನೆ ಪಕ್ಕದ ಶೆಡ್ಡಿನಲ್ಲಿ ಸಣ್ಣ ಲೇತ್ ಇಟ್ಟುಕೊಂಡಿರುತ್ತಾರೆ. ಕೆಜಿಎಫ್‌ನಲ್ಲಿ ದೊಡ್ಡ ಯಂತ್ರಗಳನ್ನು ಮಾಡುವ ಬೆಮೆಲ್ ಕಾರ್ಖಾನೆ ದಶಕಗಳಿಂದ ಇದೆ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಫಿಟ್ಟರ್, ಟರ್ನರ್ ಕೆಲಸದ ಪರಂಪರೆ ಆ ಊರಲ್ಲಿ ಉಳಿದಿರುವುದು ಇದರಿಂದಲೇ. ಚಿಕ್ಕಬಳ್ಳಾಪುರ ಕಡೆಯಾದರೆ ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವ ಮೆಷಿನ್ ರಿಪೇರಿ ಮಾಡುವವರನ್ನು ವಿಚಾರಿಸಿ. ಅಲ್ಲಾಡದ ಹಾಗೆ ಕೂರಿಸುವುದು ಅಂದರೆ ಏನು ಅಂತ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದು ಈ ನೆಲಕ್ಕೆ ಹೊಸದೇನಲ್ಲ. 1800ರಲ್ಲಿ ಈ ಕಡೆ ಓಡಾಡಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿ, ಚನ್ನರಾಯನದುರ್ಗದ ಸುತ್ತ ಕಬ್ಬಿಣ ಕರಗಿಸುತ್ತಿದ್ದುದನ್ನು ನೋಡಿ ಬರೆದಿದ್ದಾನೆ. ಆ ಬೆಟ್ಟದ ಪಕ್ಕ ಬಸ್ಸಲ್ಲಿ ಹೋಗುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಒಳ್ಳೆ ಕೆಲಸಗಾರ ಅಂತ ಗುರುತಿಸುವುದು ಹೇಗೆ?

ಮೊದಲ ಭೇಟಿಯಲ್ಲಿ ನೀವು ಎಷ್ಟು ಮಾತಾಡಿದಿರಿ, ಅವರು ಎಷ್ಟು ಕೇಳಿದರು, ಅದನ್ನು ಗಮನಿಸಿ. "ಆಯ್ತು ಸಾರ್, ಬಿಟ್ಟು ಹೋಗಿ, ಭಾನುವಾರ ಬನ್ನಿ" ಅಂದರೆ ಇವರಲ್ಲ. "ಇದು ಎಷ್ಟೊತ್ತು ಹಿಡಿದು ನಿಲ್ಲಬೇಕು? ಬೆವರು ಬರುತ್ತಾ? ಮುಂದಕ್ಕೆ ಭಾರ ಬೇಕಾ ಹಿಂದಕ್ಕಾ?" ಅಂತ ಕೇಳಿದರೆ ಕೂತು ಮಾತಾಡಿ.

ಉಳಿ ನೋಡಿ. ಉಳಿ ಬಾಯಿ ಹೊಳೆಯುತ್ತಿದ್ದರೆ, ಹಿಡಿ ಸವೆದಿದ್ದರೆ, ಅದು ದಿನಾ ಕೆಲಸ ಮಾಡುವ ಉಳಿ. ಹಳೇ ಕೆಲಸ ತೋರಿಸಿ ಅಂತ ಕೇಳಿ. ಕೆಟ್ಟುಹೋದದ್ದನ್ನೂ ತೋರಿಸಿ, ಯಾಕೆ ಕೆಟ್ಟಿತು ಅಂತ ಹೇಳುವವರನ್ನು ನಾನು ಕಣ್ಣುಮುಚ್ಚಿ ನಂಬುತ್ತೇನೆ.

ಆಮೇಲೆ ಒಂದು ಸಣ್ಣ ಕೆಲಸ ಕೊಡಿ. ಕೆನ್ನೆ ಕೂರುವ ತುಂಡು ಸಾಕು. ಅದಕ್ಕೆ ಪೂರ್ತಿ ಕೂಲಿ ಕೊಡಿ. ಅದು ಸರಿಬಂದರೆ ಮುಂದಿನದು.

ಅಳತೆ ಹೇಗೆ ತೆಗೆಯುವುದು?

ಶೂಟಿಂಗ್ ಜಾಕೆಟ್, ಪ್ಯಾಂಟ್, ಶೂ ಎಲ್ಲ ಹಾಕಿಕೊಂಡೇ. ಇದು ತುಂಬ ಮುಖ್ಯ. ಜಾಕೆಟ್ ದಪ್ಪ ಇರುತ್ತದೆ. ಟೀ ಶರ್ಟಿನಲ್ಲಿ ತೆಗೆದ ಅಳತೆ ಕೆಲಸಕ್ಕೆ ಬರುವುದಿಲ್ಲ. ಕೋಚ್ ಜೊತೆಗಿರಲಿ.

ಟ್ರಿಗರ್‌ನಿಂದ ಬಟ್ ಪ್ಲೇಟ್‌ಗೆ (ಭುಜಕ್ಕೆ ಆನುವ ಹಿಂತುದಿಯ ಪಟ್ಟಿಗೆ) ಎಷ್ಟು ಉದ್ದ, ಕೆನ್ನೆ ಎಷ್ಟು ಎತ್ತರಕ್ಕೆ ಬರುತ್ತದೆ, ಬಟ್ ಪ್ಲೇಟ್ ಎಷ್ಟು ಕೆಳಗೆ ಇಳಿಯಬೇಕು, ಹಿಡಿ ಟ್ರಿಗರ್‌ಗೆ ಎಷ್ಟು ಹತ್ತಿರ, ಇವು ಮುಖ್ಯ. ನಾವು ಮೂರು ದಿನ ತೆಗೆದೆವು. ಒಂದು ಬೆಳಿಗ್ಗೆ, ಒಂದು ಮಧ್ಯಾಹ್ನ, ಒಂದು ಅಭ್ಯಾಸ ಮುಗಿದು ಸುಸ್ತಾದ ಮೇಲೆ. ಮೂರೂ ಬೇರೆ ಬೇರೆ ಬಂತು. ಆಚಾರ್ರು ಸುಸ್ತಾದಾಗಿನ ಅಳತೆಯನ್ನೇ ಇಟ್ಟುಕೊಂಡರು. ಸ್ಪರ್ಧೆಯ ಕೊನೆಯ ಹತ್ತು ಹೊಡೆತ ಬರುವುದೂ ಆ ಮೈಯಲ್ಲೇ ಅಲ್ವಾ?

ಒಳ್ಳೆ ಮರಕ್ಕೆ ಕೈ ಹಾಕುವ ಮುಂಚೆ ಅಗ್ಗದ ಮರದಲ್ಲಿ ಒಂದು ಮಾದರಿ ಮಾಡಿಸಿ. ಹಿಡಿಗೆ ಎಂ-ಸೀಲ್ ಮೆತ್ತಿ, ಅದು ಗಟ್ಟಿಯಾಗುವ ಮುಂಚೆ ಮಗು ಸಹಜವಾಗಿ ಹಿಡಿಯಲಿ. ಕೈಗೆ ಗ್ಲೌಸ್ ಇರಲಿ, ಚರ್ಮಕ್ಕೆ ಅದು ಒಳ್ಳೆಯದಲ್ಲ. ಆ ಅಚ್ಚನ್ನು ನೋಡಿಕೊಂಡು ಮರ ಕೆತ್ತಬಹುದು.

ಯಾವ ಮರ ಒಳ್ಳೆಯದು?

ಲೋಕವೆಲ್ಲ ವಾಲ್‌ನಟ್ ಅನ್ನುತ್ತದೆ. ಸೀಳುವುದು ಕಡಿಮೆ, ಕೆತ್ತಲು ಮೃದು, ಒಣಗಿದ ಮೇಲೆ ಆಕಾರ ಬದಲಿಸುವುದಿಲ್ಲ. ಕಾಶ್ಮೀರದಲ್ಲಿ ಬೆಳೆಯುತ್ತದೆ. ಒಳ್ಳೆಯದು ಸಿಕ್ಕರೆ ತನ್ನಿ.

ಇಲ್ಲದಿದ್ದರೆ ಹಲಸು. ವೀಣೆಯ ಕೊಡಕ್ಕೆ ಆಗುವ ಮರ ಇದಕ್ಕೂ ಆಗುತ್ತದೆ. ಹಗುರ, ಉಳಿಗೆ ಚೆನ್ನಾಗಿ ಒಗ್ಗುತ್ತದೆ, ವರ್ಷ ಕಳೆದಂತೆ ಬಣ್ಣ ಗಾಢವಾಗುತ್ತದೆ. ಚೇಗಿನ ಭಾಗವನ್ನೇ ಆರಿಸಿ. ತುಮಕೂರು ಸುತ್ತ ಹಲಸಿಗೆ ಬರವಿಲ್ಲ. ಮಗಳ ಸ್ಟಾಕ್ ಹಲಸಿನದೇ. ತೇಗವೂ ಆಗುತ್ತದೆ. ಆದರೆ ಅದರಲ್ಲಿ ಎಣ್ಣೆ ಅಂಶ ಇರುವುದರಿಂದ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅಂಟಿಸುವ ಮುಂಚೆ ಅಸಿಟೋನ್‌ನಲ್ಲಿ ಒರೆಸಬೇಕು. ಬೀಟೆ ನೋಡಲು ಚೆಂದ, ಆದರೆ ತುಂಬ ಭಾರ. ಕಡಿಯುವುದಕ್ಕೂ ಸಾಗಿಸುವುದಕ್ಕೂ ಅರಣ್ಯ ಇಲಾಖೆಯ ಕಾಗದ ಬೇಕು. ಮಕ್ಕಳ ರೈಫಲ್‌ಗೆ ಆ ಭಾರವೂ ಬೇಡ, ಆ ತೊಡಕೂ ಬೇಡ.

ಮರ ಯಾವುದೇ ಇರಲಿ, ಒಣಗಿರಬೇಕು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ನೆರಳು ಅಂತ ಹಳಬರ ಲೆಕ್ಕ. ನಮ್ಮ ಮರ ಒಂದು ಹಳೇ ಮನೆಯ ತೊಲೆ. ಮನೆ ಕೆಡವಿದಾಗ ಆಚಾರ್ರು ತಂದಿಟ್ಟಿದ್ದರು. ಹಸಿ ಮರದಲ್ಲಿ ಮಾಡಿದ ಸ್ಟಾಕ್ ಮಾರ್ಚಿ ತಿಂಗಳ ಬಿಸಿಲಿಗೆ ತಿರುಚಿಕೊಳ್ಳುತ್ತದೆ. ಆಗ ಬ್ಯಾರೆಲ್ ಮೇಲೆ ಒತ್ತಡ ಬಿದ್ದು ಪೆಲೆಟ್ ಬೀಳುವ ಜಾಗವೇ ಬದಲಾಗುತ್ತದೆ.

ಕೊನೆಗೆ ಅಗಸೆ ಎಣ್ಣೆ ತೆಳುವಾಗಿ, ಹಲವು ಸಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಹಾಕಬೇಡಿ. ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಹಾಕಿ.

ಲೋಹದ ಕೆಲಸದಲ್ಲಿ ಏನು ಮಾಡಿಸಬಹುದು, ಏನು ಬಾರದು?

ಬಟ್ ಪ್ಲೇಟ್ ಹಿಂದೆ ಮುಂದೆ ಸರಿಯುವ ಕಂಬಿ, ಕೆನ್ನೆ ತುಂಡು ಏರಿಸಿ ಇಳಿಸುವ ತಿರುಪು, ತೂಕದ ಬಿಲ್ಲೆ, ಸೈಟ್ ಎತ್ತರಿಸುವ ತುಂಡು, ಇವನ್ನೆಲ್ಲ ಅಲ್ಯೂಮಿನಿಯಂನಲ್ಲಿ ಮಾಡಿಸಬಹುದು.

ಸಿಲಿಂಡರ್, ವಾಲ್ವ್, ಬ್ಯಾರೆಲ್ ಮುಟ್ಟಿಸಬೇಡಿ. ಸಿಲಿಂಡರ್‌ನಲ್ಲಿ 200 ಬಾರ್ ಗಾಳಿ ಇರುತ್ತದೆ. ಬೈಕ್ ಟೈರಿನ ಗಾಳಿಯ ಸುಮಾರು ನೂರು ಪಟ್ಟು. ಅದಕ್ಕೆ ಒಂದು ಸಣ್ಣ ತೂತು, ಒಂದು ವೆಲ್ಡಿಂಗ್ ಚುಕ್ಕೆ ಬಿದ್ದರೂ ಅದು ಬಾಂಬ್ ಇದ್ದ ಹಾಗೆ. ಸಿಲಿಂಡರ್ ಮೇಲೆ ತಾರೀಖು ಇರುತ್ತದೆ. ಹತ್ತು ವರ್ಷ ದಾಟಿದ್ದನ್ನು ಸ್ಪರ್ಧೆಗೆ ಒಯ್ಯಬೇಡಿ.

ರೈಫಲ್ ಅಂಗಡಿಯಲ್ಲಿ ಬಿಟ್ಟು ಬರಬಹುದಾ?

ಬಿಡಬೇಡಿ. ನಾವು ಒಮ್ಮೆ ಬಿಟ್ಟು ಕೆಟ್ಟೆವು. ಬೇರೊಂದು ಊರಿನ ವರ್ಕ್‌ಶಾಪಿನಲ್ಲಿ ಕಂಬಿ ಕೂರಿಸಲು ಕೊಟ್ಟಿದ್ದೆವು. ಹುಡುಗ ಅಳತೆ ತಪ್ಪಿ ತೂತು ಹಾಕಿದ್ದ. ಹಳೇ ಸ್ಟಾಕ್ ಸೀಳಿತು. ಮಗಳಿಗೆ ಆ ತಿಂಗಳ ಸ್ಪರ್ಧೆ ತಪ್ಪಿತು. ಅದಾದ ಮೇಲೆ ನಾವು ಪಕ್ಕದಲ್ಲೇ ಕೂತು ಮಾಡಿಸುತ್ತೇವೆ. ಗಾಳಿ ಪೂರ್ತಿ ತೆಗೆದು, ಸಿಲಿಂಡರ್ ಬಿಚ್ಚಿ ಮನೆಯಲ್ಲೇ ಇಟ್ಟು ಹೋಗುತ್ತೇವೆ.

ಲೈಸೆನ್ಸ್ ಇರುವ ಬಂದೂಕಾದರೆ ಇದು ಇನ್ನೂ ಕಟ್ಟುನಿಟ್ಟು. .22 ಅನ್ನುವ ಸಣ್ಣ ಗುಂಡಿನ ರೈಫಲ್ ಇರಲಿ, ದೊಡ್ಡ ರೈಫಲ್ ಇರಲಿ, ಸ್ಟಾಕಿನ ಕೆಲಸಕ್ಕೂ ರಿಪೇರಿ ಲೈಸೆನ್ಸ್ ಇರುವ ಅಂಗಡಿಗೇ ಒಯ್ಯಬೇಕು. ಆಚಾರ್ರ ಕೈಗೆ ಬಂದೂಕು ಕೊಟ್ಟರೆ ನೀವೂ ಸಿಕ್ಕಿಬೀಳುತ್ತೀರಿ, ಪಾಪ ಅವರೂ ಸಿಕ್ಕಿಬೀಳುತ್ತಾರೆ.

ಸ್ಪರ್ಧೆಯ ನಿಯಮಕ್ಕೆ ಹೊಂದುತ್ತದಾ?

ಮೊದಲೇ ನೋಡಿಕೊಂಡರೆ ಹೊಂದುತ್ತದೆ. ಸೈಟ್ ಸೇರಿ ಒಟ್ಟು ತೂಕ 5.5 ಕಿಲೋ ದಾಟಬಾರದು. ಹೆಬ್ಬೆರಳು ತೂರುವ ತೂತು ಇರಬಾರದು, ಅಂಗೈಗೆ ಆಸರೆ ಕೊಡುವ ಪಾಮ್ ರೆಸ್ಟ್ ಇರಬಾರದು. ಕೆತ್ತುವ ಮುಂಚೆ ನಿಯಮದ ಹಾಳೆಯನ್ನು ಕೋಚ್ ಹತ್ತಿರ ಪಡೆದು ಆಚಾರ್ರಿಗೆ ಓದಿ ಹೇಳಿ. ನಿಯಮ ಆಗಾಗ ಬದಲಾಗುತ್ತದೆ, ಹೊಸದನ್ನೇ ತನ್ನಿ.

ಖರ್ಚು, ಸಮಯ ಎಷ್ಟು?

ನಮಗೆ ಎರಡು ತಿಂಗಳು ಹಿಡಿಯಿತು. ಖರ್ಚಿನಲ್ಲಿ ಮರದ್ದು ಸಣ್ಣ ಪಾಲು, ದಿನಗೂಲಿಯದೇ ದೊಡ್ಡ ಪಾಲು. ಗುತ್ತಿಗೆ ಮಾತಾಡಬೇಡಿ, ದಿನದ ಲೆಕ್ಕಕ್ಕೆ ಮಾಡಿಸಿ. ಗುತ್ತಿಗೆಯಾದರೆ ಅವರಿಗೆ ಮುಗಿಸುವ ಅವಸರ. ದಿನದ ಲೆಕ್ಕವಾದರೆ ಇನ್ನೊಂದು ಸಲ ಅರ ಹಾಕಿ ನೋಡೋಣ ಅನ್ನುತ್ತಾರೆ. ನಮಗೆ ಬೇಕಾದ್ದೂ ಅದೇ. ಚೌಕಾಶಿ ಮಾಡಬೇಡಿ. 30 ವರ್ಷ ಕಲಿತ ಕೈಗೆ ಕೊಡುವ ದುಡ್ಡು ಅದು.

ನಿಮ್ಮ ಆಚಾರ್ರ ಹೆಸರು, ನಂಬರ್ ಕೊಡಿ.

ಇಲ್ಲಿ ಹಾಕುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಬಂದೂಕು ಮಾಡುವವರು ಅಂತ ಒಮ್ಮೆ ಹೆಸರು ಹಬ್ಬಿದರೆ ಬೇಡದವರೂ ಬಾಗಿಲು ತಟ್ಟುತ್ತಾರೆ. ಅವರ ಮನೆಯ ನೆಮ್ಮದಿ ನನಗೆ ದೊಡ್ಡದು. ಶೂಟಿಂಗ್ ರೇಂಜ್‌ನಲ್ಲಿ ಮುಖತಃ ಸಿಕ್ಕರೆ ನಾನೇ ಕರೆದುಕೊಂಡು ಹೋಗುತ್ತೇನೆ.

ಮಗು ಬೆಳೆದುಬಿಟ್ಟರೆ ಸ್ಟಾಕ್ ವ್ಯರ್ಥವಾಗುತ್ತದಲ್ಲ?

ಉದ್ದವನ್ನು ತುಂಡು ಸೇರಿಸಿ ಹೆಚ್ಚಿಸಬಹುದು. ನಮ್ಮ ಆಚಾರ್ರು ಮೊದಲೇ ಯೋಚಿಸಿ ಬಟ್ ಪ್ಲೇಟ್ ಹಿಂದೆ ಜಾಗ ಬಿಟ್ಟಿದ್ದರು. ಮೂರು ವರ್ಷದಲ್ಲಿ ನಾಲ್ಕು ತುಂಡು ಸೇರಿದವು. ಪ್ರತಿ ತುಂಡಿನ ಒಳಮೈಯಲ್ಲಿ ಅವರು ಪೆನ್ಸಿಲ್‌ನಲ್ಲಿ ತಾರೀಖು, ಮಗಳ ಎತ್ತರ ಬರೆದಿದ್ದಾರೆ. ಆಮೇಲೆ ಅವಳು ಬೇರೆ ರೈಫಲ್‌ಗೆ ಹೋದಳು. ಆ ಹಲಸಿನ ಸ್ಟಾಕ್ ಈಗ ಗುಬ್ಬಿ ಕಡೆಯ ಒಬ್ಬ ಹುಡುಗನ ಹತ್ತಿರ ಇದೆ. ಹೋದ ತಿಂಗಳು ಅವನನ್ನು ಆಚಾರ್ರ ಹತ್ತಿರ ಕರೆದುಕೊಂಡು ಹೋಗಿದ್ದೆ. ನಾಲ್ಕೂ ತುಂಡು ಬಿಚ್ಚಿ, ಅವನನ್ನು ನಿಲ್ಲಿಸಿ, ಮತ್ತೆ ಹಿಂದೆ ಹೋಗಿ ಬೆನ್ನು ನೋಡಿದರು. ಎರಡು ತುಂಡು ವಾಪಸ್ ಹಾಕಿದರು. ಅವನ ಎತ್ತರವನ್ನು ಮಗಳ ಎತ್ತರದ ಕೆಳಗೇ ಬರೆದರು.